ಎರಡು ಸ್ಟೇಷನ್‌ಗಳ ನಡುವಿನ ಊರು

ನಮ್ಮೂರು ಹೊನ್ನಾಳಿಯ ತೆಂಕಣಕ್ಕೆ ಭದ್ರಾವತಿ, ಬಡಗಣಕ್ಕೆ ಧಾರವಾಡ. ಹರೆಯದಲ್ಲಿ ನನ್ನ ಕಿವಿ ತಯಾರಾದದ್ದು ಈ ಎರಡು ಆಕಾಶವಾಣಿಗಳ ನಡುವೆ. ಧಾರವಾಡದ ನಿಲಯ 1950ರದು, ಭದ್ರಾವತಿಯದು 1965ರದು. ಟ್ರಾನ್ಸಿಸ್ಟರಿನ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರೆ ಸಂಗೀತದ ಪದ್ಧತಿಯೇ ಬದಲಾಗುತ್ತಿತ್ತು. ಇತ್ತ ಭದ್ರಾವತಿಯಲ್ಲಿ ಕರ್ನಾಟಕ ಸಂಗೀತದ ವೀಣೆ, ಮೃದಂಗ, ಕಾಳಿಂಗರಾಯರ ಭಾವಗೀತೆ. ಅತ್ತ ಧಾರವಾಡದಲ್ಲಿ ಹಿಂದೂಸ್ತಾನಿಯ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು.

ನಮ್ಮ ಮನೆಯಲ್ಲಿ ಹಾಡುವವರು ಯಾರೂ ಇರಲಿಲ್ಲ. ಹಾಗಾಗಿ ಇದು ನಮ್ಮದು, ಅದು ಅವರದು ಎಂದು ಹೇಳಿಕೊಟ್ಟವರೂ ಇರಲಿಲ್ಲ. ಒಂದು ಬೆಳಿಗ್ಗೆ ಭದ್ರಾವತಿಯಿಂದ ಹಿಂದೋಳ ಕೇಳಿದ್ದೆ. ಕೆಲವು ದಿನ ಕಳೆದು, ಶನಿವಾರ ರಾತ್ರಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮದಲ್ಲಿ ಯಾರೋ ಮಾಲಕಂಸ್ ಹಾಡುತ್ತಿದ್ದರು. ಗೊರಗೊರ ಸದ್ದಿನ ನಡುವೆಯೂ ಗುರುತು ಸಿಕ್ಕಿತು: ಅದೇ ಐದು ಸ್ವರ, ರಿಷಭವಿಲ್ಲ, ಪಂಚಮವಿಲ್ಲ. ಒಂದರಲ್ಲಿ ಗಮಕದ ತೂಗು, ಇನ್ನೊಂದರಲ್ಲಿ ಷಡ್ಜಕ್ಕೆ ಬರಲು ಅವಸರವೇ ಇಲ್ಲದ ವಿಳಂಬ. ಆಮೇಲೆ ಮೋಹನ ಮತ್ತು ಭೂಪ್ ಕೂಡ ಹೀಗೆಯೇ ಕೈಕೈ ಹಿಡಿದು ಬಂದವು. ಆ ಸಂತೋಷವನ್ನು ಯಾವ ಪುಸ್ತಕವೂ ನನಗೆ ಕೊಟ್ಟಿಲ್ಲ.

ಆ ಶನಿವಾರದ ಕಾರ್ಯಕ್ರಮ 1952ರಲ್ಲಿ, ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದಾಗ ಶುರುವಾದದ್ದು. ಸಿನಿಮಾ ಹಾಡನ್ನು ಆಕಾಶವಾಣಿಯಿಂದ ಹೊರಗಿಟ್ಟವರೂ ಅವರೇ. ಜನ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. 1957ರಲ್ಲಿ ವಿವಿಧ ಭಾರತಿ ಬರಬೇಕಾಯಿತು. ಹಾಡನ್ನು ತಡೆದದ್ದು ತಪ್ಪೇ. ಆದರೆ ಹಳ್ಳಿಯ ಹುಡುಗನೊಬ್ಬನಿಗೆ ದೇಶದ ದೊಡ್ಡ ಗಾಯಕರ ಪೂರ್ತಿ ಕಛೇರಿಯನ್ನು ಬಿಟ್ಟಿಯಾಗಿ ಮುಟ್ಟಿಸಿದ ಋಣ ದೊಡ್ಡದು.

ಮೀಡಿಯಂ ವೇವ್‌ನ ಗುಣವೂ ನೆರವಿಗೆ ಬಂತು. ಹಗಲು ಈ ಅಲೆಗಳನ್ನು ನುಂಗುವ ಅಯಾನುಗೋಳದ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಅಲೆಗಳು ಮೇಲಿನ ಪದರಕ್ಕೆ ತಾಗಿ ದೂರದೂರಿಗೆ ಮರಳಿ ಇಳಿಯುತ್ತವೆ. ಹೊಳೆದಂಡೆಯ ನಮ್ಮೂರಿಗೆ ಕತ್ತಲಾದ ಮೇಲೆ ಹೊರನಾಡಿನ ನಿಲಯಗಳೂ ಕೇಳುತ್ತಿದ್ದವು.

ನಿಜವಾಗಿ ಪಾಠ ಹೇಳಿದವರು ಉದ್ಘೋಷಕರು. ಹಾಡುಗಾರರು ಯಾರು, ರಾಗ ಯಾವುದು, ತಾಳ ಯಾವುದು, ಪಕ್ಕವಾದ್ಯದಲ್ಲಿ ಯಾರು ಎಂಬುದನ್ನು ಅವರು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಿದ್ದರು. ಆ ಎರಡು ಮಾತು ಇಲ್ಲದಿದ್ದರೆ ಹಿಂದೋಳವೂ ಮಾಲಕಂಸೂ ನನಗೆ ಹೆಸರಿಲ್ಲದ ಇಂಪಾಗಿಯೇ ಉಳಿಯುತ್ತಿದ್ದವು. ಇಂದು ಮೊಬೈಲಿನಲ್ಲಿ ಸಿಗುವ ಎಷ್ಟೋ ಹಳೆಯ ಧ್ವನಿಮುದ್ರಣಗಳಲ್ಲಿ ಮೊದಲು ಕತ್ತರಿ ಬೀಳುವುದು ಆ ಮಾತಿಗೇ. ಧಾರವಾಡ, ಭದ್ರಾವತಿಗಳ ಸಂಗ್ರಹ ಕೇಳುಗರಿಗೆ ತೆರೆದುಕೊಳ್ಳಬೇಕು. ತೆರೆಯುವಾಗ ಉದ್ಘೋಷಕರ ದನಿಯನ್ನೂ ಹಾಗೇ ಉಳಿಸಿಕೊಡಿ.