ಕಾರ್ಖಾನೆ ಕೈಬಿಟ್ಟ ಪಿಯಾನೋ

‘ಆ ಮಾಡೆಲ್ ನಿಂತುಹೋಗ್ತಿದೆಯಂತೆ, ಅದಕ್ಯಾಕೆ ದುಡ್ಡು ಹಾಕ್ತೀರಿ?’ ಡಿಜಿಟಲ್ ಪಿಯಾನೋ ಕೊಳ್ಳಲು ಹೊರಟವರ ಕಿವಿಗೆ ಈ ಮಾತು ಬೀಳದೆ ಇರುವುದಿಲ್ಲ. ಕೇಳಲು ಬುದ್ಧಿವಾದದಂತಿದೆ, ಕೆದಕಿ ನೋಡಿದರೆ ಮೊಬೈಲ್ ಫೋನಿನಿಂದ ಕಲಿತ ಪಾಠವನ್ನು ತಂದು ವಾದ್ಯಕ್ಕೆ ಅಂಟಿಸಿದ್ದು. ಫೋನು ಹೊರಗಿನವರ ಹಂಗಿನಲ್ಲೇ ಬದುಕುವ ವಸ್ತು. ಬ್ಯಾಂಕಿನ ಆ್ಯಪ್ ಬದಲಾದರೆ, ನೆಟ್‌ವರ್ಕ್ ಬದಲಾದರೆ ಅದು ಕೂತಲ್ಲೇ ಮುದಿಯಾಗುತ್ತದೆ. ಪಿಯಾನೋಗೆ ಅಂಥ ಹಂಗು ಕಡಿಮೆ. ಅದರ 88 ಕೀಗಳ ಹರವು 19ನೇ ಶತಮಾನದ ಕೊನೆಯ ಹೊತ್ತಿಗೇ ಗಟ್ಟಿಯಾಯಿತು. ಅದು ಕಂಪ್ಯೂಟರಿನೊಡನೆ ಮಾತಾಡುವ ಮಿಡಿ ಭಾಷೆ 1983ರದು. 2020ರಲ್ಲಿ ಬಂದ ಮಿಡಿ 2.0 ಕೂಡ ಹಳೆಯ ವಾದ್ಯಗಳನ್ನು ಹೊರಗೆ ನಿಲ್ಲಿಸಲಿಲ್ಲ. ಆದ್ದರಿಂದ ನಿಂತುಹೋಗುವ ಮಾಡೆಲನ್ನು ಧಾರಾಳವಾಗಿ ಕೊಳ್ಳಬಹುದು, ಬೆಲೆಯ ವಿಷಯದಲ್ಲಿ ಒಂದು ಲೆಕ್ಕ ಸರಿಹೊಂದಿದರೆ ಎನ್ನುವುದು ನನ್ನ ಪಕ್ಷ.

ಯಮಹಾದ ಪಿ-45ನ್ನೇ ತೆಗೆದುಕೊಳ್ಳೋಣ. 2015ರಲ್ಲಿ ಬಂದ ಈ ಮಾಡೆಲು ಮಕ್ಕಳನ್ನು ಪಾಠಕ್ಕೆ ಸೇರಿಸುವ ಮನೆಗಳ ಮೊದಲ ಪಿಯಾನೋ ಎಂದೇ ಹೆಸರಾಯಿತು. 2023ರಲ್ಲಿ ಅದರ ಜಾಗಕ್ಕೆ ಪಿ-145 ಬಂತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹಳೆಯದರಲ್ಲಿ ಒಟ್ಟಿಗೆ ಮೊಳಗಬಲ್ಲ ಸ್ವರಗಳು 64, ಹೊಸದರಲ್ಲೂ 64. ಹಳೆಯದರಲ್ಲಿ ನಾದಬಗೆಗಳು ಹತ್ತು, ಹೊಸದರಲ್ಲೂ ಹತ್ತು. ಕಣ್ಣಿಗೆ ಬೀಳುವ ಬದಲಾವಣೆ ಮೈಕಟ್ಟಿನದು: 295 ಮಿ.ಮೀ. ಇದ್ದ ಅಗಲ 268ಕ್ಕೆ ಇಳಿಯಿತು, ತೂಕ ಹನ್ನೊಂದೂವರೆ ಕಿಲೋದಿಂದ ಹನ್ನೊಂದರ ಆಸುಪಾಸಿಗೆ ಬಂತು. ಪುಟ್ಟ ಕೋಣೆಯವರಿಗೆ ಅದೂ ಉಪಕಾರವೇ, ಇಲ್ಲವೆನ್ನುವುದಿಲ್ಲ. ಆದರೆ ಪೆಟ್ಟಿಗೆ ಸಣ್ಣದಾಗಬೇಕಾದರೆ ಒಳಗಿನ ಕೀಯ ಯಂತ್ರವೂ ಮೈ ಮುದುಡಿಕೊಳ್ಳಲೇಬೇಕು. ಯಮಹಾ ಅದನ್ನೂ ಬದಲಿಸಿತು. ಕೀ ಎಂದರೆ ಏತದ ಮರವಿದ್ದಂತೆ. ಅದು ತೂಗುವ ಕೀಲು ಬೆರಳಿಗೆ ಹತ್ತಿರ ಬಂದಷ್ಟೂ ಕಪ್ಪು ಕೀಗಳ ನಡುವೆ, ಒಳಭಾಗದಲ್ಲಿ ಒತ್ತುವುದು ಭಾರವಾಗುತ್ತದೆ. 2019ರಲ್ಲಿ ಬರೀ 232 ಮಿ.ಮೀ. ಅಗಲದಲ್ಲಿ ಬಂದ ಕ್ಯಾಸಿಯೋ ಪಿಎಕ್ಸ್-ಎಸ್1000 ಬಗ್ಗೆ ನುಡಿಸುವವರು ಎತ್ತಿದ ದೂರೂ ಇದೇ. ಹೊಸದು ಅಂದಕೂಡಲೇ ಬೆರಳಿಗೆ ಹಿತ ಎಂದು ತಿಳಿಯಬೇಕಿಲ್ಲ. ಅದು ಗೋಡೆಗೆ ಹಿತವಾಗಿರಬಹುದು, ಅಷ್ಟೆ.

ಹೊಸದು ನಿಜಕ್ಕೂ ಮೇಲಾದ ಉದಾಹರಣೆಗಳೂ ಇವೆ. ರೋಲ್ಯಾಂಡಿನ ಎಫ್‌ಪಿ-30 ಹೋಗಿ 2021ರಲ್ಲಿ ಎಫ್‌ಪಿ-30ಎಕ್ಸ್ ಬಂದಾಗ ಒಟ್ಟಿಗೆ ಮೊಳಗುವ ಸ್ವರಗಳು 128ರಿಂದ 256ಕ್ಕೆ ಏರಿದವು, ಹೊರಗಿನ ಸ್ಪೀಕರಿಗೆ ಬೇರೆಯೇ ಕಿಂಡಿ ಸಿಕ್ಕಿತು. ಸಭೆಯಲ್ಲಿ ನುಡಿಸುವವರು ಹೊಸದನ್ನೇ ಕೊಳ್ಳಲಿ. ಆದರೆ ಅಲ್ಲಿಯೂ ಕೀಯ ಯಂತ್ರ ಹಳೆಯದೇ ಉಳಿಯಿತು. ಪಾಠದ ಎರಡನೆಯ ಪುಸ್ತಕದಲ್ಲಿರುವ ಹುಡುಗಿಗೆ 128 ಸ್ವರ ಸಾಲದೆ ಹೋಗುವ ದಿನ ಬಹಳ ದೂರ ಇದೆ. ಹಳೇ ಮಾಡೆಲ್ ಕಂಡರೆ ಬಂದ ನೆಂಟರು ಏನಂದುಕೊಂಡಾರು ಎನ್ನುವವರಿಗೆ ಪಿಯಾನೋಗಿಂತ ಷೋಕೇಸು ಒಳ್ಳೆಯದು.

ತಲೆಬಾಗಿ ಕೇಳಬೇಕಾದ ಆಕ್ಷೇಪ ಒಂದೇ: ಕೆಟ್ಟರೆ ಏನು ಗತಿ? ಇದಕ್ಕೆ ಉತ್ತರ ಕೊಡಬೇಕಾದರೆ ಡಿಜಿಟಲ್ ಪಿಯಾನೋ ಎಲ್ಲಿ ಸವೆಯುತ್ತದೆ ಎಂದು ನೋಡಬೇಕು. ಪ್ರತಿ ಕೀಯ ಕೆಳಗೆ ರಬ್ಬರಿನ ಪುಟ್ಟ ಗುಬುಟುಗಳಿರುತ್ತವೆ, ಗುಬುಟಿನೊಳಗೆ ಇಂಗಾಲ ಬಳಿದ ಕಪ್ಪು ಬೊಟ್ಟು. ಕೀ ಇಳಿಯುವಾಗ ಒಂದು ಬೊಟ್ಟು ಮೊದಲು ಕೆಳಗಿನ ಹಲಗೆಯನ್ನು ಮುಟ್ಟುತ್ತದೆ, ಇನ್ನೊಂದು ಕೂದಲೆಳೆಯಷ್ಟು ತಡವಾಗಿ. ಆ ಎರಡು ಸ್ಪರ್ಶಗಳ ನಡುವಿನ ಹೊತ್ತನ್ನು ಯಂತ್ರ ಅಳೆಯುತ್ತದೆ. ಹೊತ್ತು ಕಡಿಮೆಯಾದರೆ ಜೋರು, ಹೆಚ್ಚಾದರೆ ಮೆಲು. ನಾವು ಭಾವ, ನಯ, ಗಾಂಭೀರ್ಯ ಎಂದೆಲ್ಲ ಕರೆಯುವುದು ಈ ಪೆಟ್ಟಿಗೆಯೊಳಗೆ ಎರಡು ಕಪ್ಪು ಬೊಟ್ಟುಗಳ ಅಂತರ! ಆ ಬೊಟ್ಟಿಗೆ ಧೂಳು ಕೂತರೆ ಅಥವಾ ಇಂಗಾಲ ಸವೆದರೆ ಒಂದು ಕೀ ಮೂಕಾಗುತ್ತದೆ, ಇಲ್ಲವೇ ಹೂವಿನಂತೆ ಮುಟ್ಟಿದರೂ ಕಿರುಚುತ್ತದೆ. ಧೂಳಾದರೆ ಬಿಚ್ಚಿ ಒರೆಸಿದರೆ ಸಾಕು. ಸವೆತವಾದರೆ ಆ ಮಾಡೆಲಿನದೇ ರಬ್ಬರ್ ಪಟ್ಟಿ ಬೇಕು. ಹಾರ್ಮೋನಿಯಂ ಈ ವಿಷಯದಲ್ಲಿ ಭಾಗ್ಯಶಾಲಿ. ಅದರ ಹಿತ್ತಾಳೆ ನಾಲಿಗೆಯನ್ನು ತುದಿಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ತಿದಿ ಹರಿದರೆ ತೇಪೆ ಬೀಳುತ್ತದೆ. ನಾಟಕ ಕಂಪನಿಗಳ ಜೊತೆ ಊರೂರು ಸುತ್ತಿದ ಪೆಟ್ಟಿಗೆಗಳು ಹಾಗೇ ಬಾಳಿದವು. ಅವುಗಳಿಗೆ ಮಾಡೆಲ್ ನಂಬರಿನ ಗೊಡವೆಯೇ ಇರಲಿಲ್ಲ. ಡಿಜಿಟಲ್ ಪಿಯಾನೋವನ್ನು ಅಷ್ಟು ಸಲೀಸಾಗಿ ರಿಪೇರಿ ಮಾಡಲಾಗದು ಎಂಬುದನ್ನು ಒಪ್ಪಲೇಬೇಕು. ನಮ್ಮ ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಾಗ ಹೆಸರಿಸಿದ್ದು ಕೃಷಿ ಉಪಕರಣ, ಫೋನು, ಗೃಹೋಪಕರಣ, ವಾಹನಗಳನ್ನು. ಸಂಗೀತ ವಾದ್ಯದ ನೆನಪು ಯಾರಿಗೂ ಆದಂತಿಲ್ಲ.

ಹಾಗಾದರೆ ಆಕ್ಷೇಪ ಗೆದ್ದಿತೇ? ಅರ್ಧ ಗೆದ್ದಿತು. ಜಪಾನಿನಲ್ಲಿ ಮಾರುವ ಯಮಹಾದ ಇಂಥ ವಾದ್ಯಗಳ ಕೈಪಿಡಿಯಲ್ಲಿ ತಯಾರಿಕೆ ನಿಂತ ಮೇಲೆ ಕನಿಷ್ಠ 8 ವರ್ಷ ಬಿಡಿಭಾಗ ಇಟ್ಟುಕೊಳ್ಳುತ್ತೇವೆ ಎಂಬ ಮಾತು ಇರುತ್ತದೆ. ಇಲ್ಲಿಯ ಡೀಲರು ಅಷ್ಟು ಕಾಲ ಇಡುತ್ತಾನೋ ಇಲ್ಲವೋ, ಗಡಿಯಾರ ಓಡಲು ಶುರುವಾಗುವುದು ತಯಾರಿಕೆ ನಿಂತ ದಿನದಿಂದ ಎಂಬುದು ಮುಖ್ಯ. ಈ ಲೆಕ್ಕದಲ್ಲಿ ಪಿ-45ನ್ನು 2015ರಲ್ಲಿ ಕೊಂಡವರಿಗೆ ಸಿಕ್ಕಿದ್ದು ಸುಮಾರು ಹದಿನಾರು ವರ್ಷದ ಭರವಸೆ, 2023ರಲ್ಲಿ ಕೊಂಡವರಿಗೆ ಎಂಟರದು. ಅಂದರೆ ನಿಂತ ಮಾಡೆಲನ್ನು ಕೊಳ್ಳುವವರು ಕಳೆದುಕೊಳ್ಳುವುದು ನಾದವನ್ನಲ್ಲ, ಮುಂದಿನ ಕೆಲವು ವರ್ಷಗಳ ರಬ್ಬರ್ ಪಟ್ಟಿಯನ್ನು. ಅದಕ್ಕೊಂದು ಬೆಲೆ ಕಟ್ಟಿ ಚೌಕಾಸಿ ಮಾಡಬೇಕು. ಅಂಗಡಿಯವರು ಸಾವಿರ ರೂಪಾಯಿ ಇಳಿಸಿ ‘ಕ್ಲಿಯರೆನ್ಸ್’ ಚೀಟಿ ಅಂಟಿಸಿದರೆ ಅದು ಗಿರಾಕಿಗೆ ಮಾಡುವ ಅವಮಾನ; ಐದರಲ್ಲೊಂದು ಪಾಲಾದರೂ ಇಳಿಯದಿದ್ದರೆ ಹೊಸ ಮಾಡೆಲಿಗೇ ಹೋಗುವುದು ಲೇಸು. ಅಷ್ಟು ಇಳಿದರೆ ಉಳಿದ ದುಡ್ಡಿನಲ್ಲಿ ಒಳ್ಳೆಯ ಪೆಡಲು, ಗಟ್ಟಿ ಸ್ಟ್ಯಾಂಡು ಬರುತ್ತವೆ. ಕಲಿಯುವ ಮಗುವಿನ ಬೆನ್ನಿಗೆ ಸರಿಯಾದ ಎತ್ತರದ ಸ್ಟ್ಯಾಂಡು ಮಾಡುವ ಉಪಕಾರವನ್ನು ಹೊಸ ಮಾಡೆಲಿನ ಬ್ಲೂಟೂತ್ ಮಾಡಲಾರದು.

ಆ್ಯಪ್ ಇಲ್ಲದೆ ಅರ್ಧ ಸೌಲಭ್ಯ ತೆರೆದುಕೊಳ್ಳದ ಮಾಡೆಲುಗಳನ್ನು ಮಾತ್ರ ನಾನು ಈ ಲೆಕ್ಕದಿಂದ ಹೊರಗಿಡುತ್ತೇನೆ; ಅವು ಮತ್ತೆ ಫೋನಿನ ಹಂಗಿಗೇ ಬಿದ್ದವು. ಉಳಿದಂತೆ ವಾರಂಟಿ ಬಿಲ್ಲಿನ ತಾರೀಖಿನಿಂದಲೋ ಹೇಗೆ ಎಂದು ಬರಹದಲ್ಲಿ ಪಡೆಯಬೇಕು. ಬಹಳ ದಿನ ಗೋದಾಮಿನಲ್ಲಿದ್ದ ಪೆಟ್ಟಿಗೆಯಾದರೆ ಅಂಗಡಿಯಲ್ಲೇ ಬಿಚ್ಚಿಸಿ, ಕೆಳಗಿನ ಮಂದ್ರದಿಂದ ಮೇಲಿನ ತಾರದವರೆಗೆ 88 ಕೀಗಳನ್ನೂ ಒಂದೊಂದಾಗಿ, ಉಸಿರು ಬಿಗಿಹಿಡಿದಷ್ಟು ಮೆಲ್ಲಗೆ ಒತ್ತಿ ನೋಡಬೇಕು. ಜೋರಾಗಿ ಬಾರಿಸಿದರೆ ಕೆಟ್ಟ ರಬ್ಬರೂ ಕೂಗಿಬಿಡುತ್ತದೆ. ಮೆಲ್ಲಗೆ ಒತ್ತಿದಾಗಲೇ ಅದರ ಬಣ್ಣ ಬಯಲಾಗುವುದು. ಹಾಗೆ ನೋಡಲು ಹತ್ತು ನಿಮಿಷ ಬೇಕು. ಅಷ್ಟು ಹೊತ್ತು ಕಾಯಲು ಒಲ್ಲೆನೆನ್ನುವ ಅಂಗಡಿಯಲ್ಲಿ ಹೊಸ ಮಾಡೆಲನ್ನೂ ಕೊಳ್ಳಬಾರದು.