ಮೈ ಕಂಡರೆ ತಪ್ಪು, ಮಾನ ಹೋದರೆ ಸುದ್ದಿ

2016ರ ಡಿಸೆಂಬರ್ 14ರಂದು ಬಾಗಲಕೋಟೆಯ ಆಗಿನ ಶಾಸಕ, ಅಬಕಾರಿ ಸಚಿವ ಎಚ್.ವೈ. ಮೇಟಿ ರಾಜೀನಾಮೆ ಕೊಟ್ಟರು. ಅವರದೆಂದು ಹೇಳಲಾದ ಖಾಸಗಿ ದೃಶ್ಯವೊಂದನ್ನು ಕನ್ನಡದ ಸುದ್ದಿವಾಹಿನಿಗಳು ಮತ್ತೆ ಮತ್ತೆ ಬಿತ್ತರಿಸಿದ್ದವು. ಮುಂದೆ ಸಿಐಡಿ ತನಿಖೆ ನಡೆದು ಅವರಿಗೆ ಕ್ಲೀನ್ ಚಿಟ್ ಸಿಕ್ಕಿತು. 2018ರಲ್ಲಿ ಸೋತರು, 2023ರಲ್ಲಿ ಅದೇ ಬಾಗಲಕೋಟೆ ಕ್ಷೇತ್ರದಿಂದ ಮತ್ತೆ ಗೆದ್ದು ವಿಧಾನಸಭೆಗೆ ಹೋದರು. ಅವರ ತಪ್ಪು ಒಪ್ಪನ್ನು ತೂಗುವುದು ಈ ಲೇಖನದ ಕೆಲಸವಲ್ಲ. ರಾಜಕಾರಣಿಗೆ ಇನ್ನೊಂದು ಚುನಾವಣೆ ಇರುತ್ತದೆ. ಇಂಥ ದೃಶ್ಯಗಳಲ್ಲಿ ಸಿಕ್ಕಿಕೊಂಡ ಹೆಂಗಸಿಗೆ ಅದಿಲ್ಲ. ಮುಖ ಮಸುಕು ಮಾಡಿದರೂ ಊರಲ್ಲಿ ಯಾರು ಯಾರೆಂದು ಗೊತ್ತಾಗಲು ಒಂದು ದಿನ ಸಾಕು. ಪ್ರಸಾರದ ಮೇಲೆ ಕಣ್ಣಿಡುವ ಕಾನೂನು ನಮ್ಮಲ್ಲಿ ಆಗಲೂ ಇತ್ತು, ಈಗಲೂ ಇದೆ. ಅದು ನೋಡುತ್ತಿರುವುದು ಮಾತ್ರ ಬೇರೆ ಕಡೆಗೆ.

ಆ ಕಾನೂನು 1995ರ ಕೇಬಲ್ ಟೆಲಿವಿಷನ್ ಜಾಲ ನಿಯಂತ್ರಣ ಕಾಯ್ದೆ. ಅದರಡಿಯ ಕಾರ್ಯಕ್ರಮ ಸಂಹಿತೆ ಸದಭಿರುಚಿಗೂ ಸಭ್ಯತೆಗೂ ಧಕ್ಕೆ ತರುವ, ಅಶ್ಲೀಲವಾದ, ಹೆಣ್ಣಿನ ದೇಹವನ್ನು ಕೀಳಾಗಿ ತೋರಿಸುವ ಕಾರ್ಯಕ್ರಮ ಬೇಡ ಎನ್ನುತ್ತದೆ. ಆಕಾಶವಾಣಿಗೆ ತನ್ನದೇ ಸಂಹಿತೆ ಉಂಟು. ಖಾಸಗಿ ಎಫ್‌ಎಂಗಳೂ ಅದನ್ನೇ ಪಾಲಿಸಬೇಕು. 1950ರಿಂದ ಧಾರವಾಡ ಕೇಂದ್ರವನ್ನು ಕೇಳುತ್ತ ಬಂದ ಈ ಸೀಮೆಯಲ್ಲಿ ರೇಡಿಯೊ ಅಂಥ ತಲೆನೋವು ತಂದದ್ದಿಲ್ಲ, ಆದ್ದರಿಂದ ಅದನ್ನು ಬಿಡೋಣ. ಟಿವಿಯ ಸಂಹಿತೆ ಕೆಲಸ ಮಾಡಿದ್ದು ಯಾವಾಗ? 2007ರ ಜನವರಿಯಲ್ಲಿ ಮಾದಕ ಜಾಹೀರಾತುಗಳ ಕಾರ್ಯಕ್ರಮ ತೋರಿಸಿದ್ದಕ್ಕೆ ಎಎಕ್ಸ್‌ಎನ್ ವಾಹಿನಿಗೆ ಎರಡು ತಿಂಗಳ ನಿಷೇಧ. ಅದೇ ವರ್ಷ ಎಫ್‌ಟಿವಿಗೂ ಎರಡು ತಿಂಗಳು. ಮತ್ತೆ 2010ರಲ್ಲಿ ಒಂಬತ್ತು ದಿನ, 2013ರಲ್ಲಿ ಹತ್ತು ದಿನ. ಸಂಬಳ ಪಡೆದು, ಒಪ್ಪಿ ಕ್ಯಾಮೆರಾ ಮುಂದೆ ನಡೆದ ರೂಪದರ್ಶಿಯರ ಬಟ್ಟೆ ಎಷ್ಟು ಕಡಿಮೆ ಎಂದು ಅಳೆಯಲು ಸರ್ಕಾರಕ್ಕೆ ಪುರುಸೊತ್ತಿತ್ತು. ಒಪ್ಪದವರನ್ನು ತೋರಿಸುವುದು ತಪ್ಪೆಂದು ಸಂಹಿತೆಯಲ್ಲಿ ಎಲ್ಲಿಯೂ ಬರೆದಿಲ್ಲ. ತೋರಿಸಲಾದ ವ್ಯಕ್ತಿಯ ಒಪ್ಪಿಗೆ ಎಂಬ ಪ್ರಶ್ನೆಯನ್ನೇ ಅದು ಕೇಳುವುದಿಲ್ಲ.

ದಂಡಸಂಹಿತೆ ಈ ಪ್ರಶ್ನೆಯನ್ನು ಕೇಳಲು ಕಲಿತು ಹತ್ತು ವರ್ಷ ದಾಟಿತು. ದೆಹಲಿಯ ಅತ್ಯಾಚಾರ ಪ್ರಕರಣದ ನಂತರ 2013ರಲ್ಲಿ ಸೇರಿದ ಐಪಿಸಿ 354ಸಿ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮು, ಒಂದು ಸೂಕ್ಷ್ಮವನ್ನು ಸ್ಪಷ್ಟವಾಗಿ ಹೇಳುತ್ತದೆ: ಚಿತ್ರ ತೆಗೆಯಲು ಹೆಣ್ಣು ಒಪ್ಪಿದ್ದರೂ ಹಂಚಲು ಒಪ್ಪದಿದ್ದರೆ ಹಂಚಿದ್ದು ಅಪರಾಧ. 2014ರಲ್ಲಿ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಗ್ನತೆಯೊಂದೇ ಅಶ್ಲೀಲವಲ್ಲ, ಸಂದರ್ಭವನ್ನೂ ಇಂದಿನ ಸಮಾಜದ ದೃಷ್ಟಿಯನ್ನೂ ನೋಡಬೇಕು ಎಂದಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈ ಮೂರೂ ಒಂದೇ ದಿಕ್ಕಿಗೆ ನಡೆದಿವೆ. ಪ್ರಸಾರದ ನಿಯಮ ಮಾತ್ರ ತೊಂಬತ್ತರ ದಶಕದಲ್ಲೇ ನಿಂತಿದೆ. ಅಶ್ಲೀಲತೆಯ ಮಾತೆತ್ತಿದ ಕೂಡಲೇ ಐಹೊಳೆಯ ಮಿಥುನ ಶಿಲ್ಪಗಳತ್ತ ಕೈ ತೋರಿಸುವವರು ಇದ್ದೇ ಇರುತ್ತಾರೆ. ಒಳ್ಳೆಯದೇ. ಹುನಗುಂದ ತಾಲ್ಲೂಕಿನ ಆ ಕಂಬಗಳಲ್ಲಿ ಮೈ ಇದೆ, ಆದರೆ ಮಾನ ಕಳೆದುಕೊಂಡವರು ಯಾರೂ ಇಲ್ಲ. ಟಿವಿಯ ಆ ದೃಶ್ಯದಲ್ಲಿ ಮೈ ಅಷ್ಟಾಗಿ ಕಾಣಲಿಕ್ಕಿಲ್ಲ, ಮಾನ ಮಾತ್ರ ಪೂರ್ತಿ ಹರಾಜಾಗಿತ್ತು.

ಹಾಗಾದರೆ ಒಪ್ಪಿಗೆ ಇದ್ದರೆ ಏನು ಬೇಕಾದರೂ ತೋರಿಸಬಹುದೇ? ಇಲ್ಲ, ನೋಡುವವರ ಒಪ್ಪಿಗೆಯೂ ಇದೆಯಲ್ಲ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ವೃತ್ತಿ ನಾಟಕ ಕಂಪನಿಗಳು ಬಂದು ವಾರಗಟ್ಟಲೆ ಠಾಣ್ಯ ಹೂಡುತ್ತವೆ. ಅಲ್ಲಿನ ಎರಡರ್ಥದ ಮಾತಿನ ಬಗ್ಗೆ ಪ್ರತಿವರ್ಷ ಗೊಣಗಾಟ ಇದ್ದದ್ದೇ. ಆದರೂ ಪ್ರೇಕ್ಷಕ ಟಿಕೀಟು ತೆಗೆದುಕೊಂಡು, ಏನು ಕೇಳಿಸೀತೆಂದು ಗೊತ್ತಿದ್ದೇ ಒಳಗೆ ಹೋಗುತ್ತಾನೆ. ಇಳಕಲ್ಲಿನ ನೇಕಾರರ ಮನೆಯ ಸಂಗತಿ ಹಾಗಲ್ಲ. ಮಗ್ಗ, ಅಡಿಗೆ, ಮಕ್ಕಳ ಓದು ಎಲ್ಲ ಒಂದೆರಡು ಕೋಣೆಗಳಲ್ಲೇ ನಡೆಯುವಾಗ ಟಿವಿಯೂ ಎಲ್ಲರ ನಡುವೆಯೇ ಇರುತ್ತದೆ. ಮಕ್ಕಳನ್ನು ಆ ಕಡೆ ಕಳಿಸೋಣವೆಂದರೆ ಆ ಕಡೆ ಎಂಬುದೇ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 1978ರ ಪೆಸಿಫಿಕಾ ತೀರ್ಪಿನಲ್ಲಿ ರೇಡಿಯೊ ಮೇಲಿನ ನಿಯಂತ್ರಣವನ್ನು ಒಪ್ಪಿದ್ದು ಇಂಥದೇ ಕಾರಣಕ್ಕೆ: ಪ್ರಸಾರ ಕರೆಯದೆ ಮನೆಯೊಳಗೆ ಬರುತ್ತದೆ, ಮಕ್ಕಳ ಕಿವಿಗೂ ಬೀಳುತ್ತದೆ. ಅಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸಡಿಲಿಕೆ ಉಂಟು. ಬ್ರಿಟನ್ನಿನಲ್ಲಿ ರಾತ್ರಿ ಒಂಬತ್ತರ ಗೆರೆ. ಮನರಂಜನೆಗೆ ನಮಗೂ ಇಂಥದೊಂದು ಹೊತ್ತಿನ ಗೆರೆ ಸಾಕು, ನಿಷೇಧ ಬೇಕಿಲ್ಲ. ಆದರೆ ಮಧ್ಯಾಹ್ನವೇ ಶುರುವಾಗುವ ‘ಬ್ರೇಕಿಂಗ್ ನ್ಯೂಸ್’ ಯಾವ ಗೆರೆಯನ್ನೂ ಗೌರವಿಸುವುದಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ: ಒಪ್ಪಿಗೆಯಿಲ್ಲದ ಇಂಥ ಪ್ರಸಾರವನ್ನು ತಡೆಯಬೇಕಾದವರು ಯಾರು? ಕೇಬಲ್ ಕಾಯ್ದೆಯ 19ನೇ ಕಲಮಿನ ಪ್ರಕಾರ, ಸಂಹಿತೆಗೆ ವಿರುದ್ಧವಾದ ಕಾರ್ಯಕ್ರಮವನ್ನು ನಿಲ್ಲಿಸುವಂತೆ ಜಿಲ್ಲಾ ಮ್ಯಾಜಿಸ್ಟ್ರೇಟರು ಕೇಬಲ್‌ನವರಿಗೆ ಆದೇಶ ಕೊಡಬಹುದು. ಅಂದರೆ ಮೇಟಿ ಪ್ರಕರಣದ ದೃಶ್ಯ ಬಿತ್ತರವಾದ ಅವತ್ತು ಬಾಗಲಕೋಟೆ ನವನಗರದ ಡಿಸಿ ಕಚೇರಿಯಿಂದ ಒಂದು ಕಾಗದ ಹೊರಟಿದ್ದರೂ ಕಾನೂನಿನ ಪ್ರಕಾರ ಸಾಗುತ್ತಿತ್ತು. ಆದರೆ ಪರದೆಯ ಮೇಲಿದ್ದದ್ದು ಆಳುವ ಸರ್ಕಾರದ ಸಚಿವರೆಂದು ಹೇಳಲಾದ ವ್ಯಕ್ತಿ. ಅದೇ ಸರ್ಕಾರದ ಅಧಿಕಾರಿ ಪ್ರಸಾರ ನಿಲ್ಲಿಸಿದ್ದರೆ ಸಚಿವರ ರಕ್ಷಣೆಗೆ ನಿಂತರೆಂದು ಜಿಲ್ಲೆಯೆಲ್ಲ ಹೇಳುತ್ತಿತ್ತು, ಹೇಳುವುದರಲ್ಲಿ ತಪ್ಪೂ ಇರುತ್ತಿರಲಿಲ್ಲ. ಅಷ್ಟಕ್ಕೂ ಆ ಆದೇಶ ತಟ್ಟುವುದು ಕೇಬಲ್ಲಿಗೆ ಮಾತ್ರ. ಪಕ್ಕದ ಮನೆಯ ಮಾಳಿಗೆ ಮೇಲಿನ ಡಿಶ್‌ಗೆ ಅಲ್ಲ. ಆ ಅಧಿಕಾರವನ್ನು ದೆಹಲಿಯ ಪ್ರಸಾರ ಸಚಿವಾಲಯಕ್ಕೆ ಕೊಡೋಣವೆಂದರೆ ಅದರ ರುಚಿಯೂ ನೋಡಿ ಆಗಿದೆ. ಮೇಟಿ ಪ್ರಕರಣಕ್ಕೆ ಒಂದೇ ತಿಂಗಳ ಹಿಂದೆ, 2016ರ ನವೆಂಬರಿನಲ್ಲಿ, ಇದೇ ಸಂಹಿತೆಯನ್ನು ಹಿಡಿದು ಪಠಾಣ್‌ಕೋಟ್ ದಾಳಿಯ ವರದಿಗಾಗಿ ಎನ್‌ಡಿಟಿವಿ ಇಂಡಿಯಾವನ್ನು ಒಂದು ದಿನ ಬಂದ್ ಮಾಡಲು ಕೇಂದ್ರ ಆದೇಶಿಸಿತ್ತು. ಗದ್ದಲವಾದ ಮೇಲೆ ಅದನ್ನು ತಡೆಹಿಡಿಯಿತು. ಸಭ್ಯತೆ ಕಾಯಲೆಂದು ಕೊಟ್ಟ ಬಡಿಗೆ ಬೇಡವಾದ ಸುದ್ದಿಯ ಬೆನ್ನಿಗೆ ಬೀಳುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದ್ದರಿಂದ ನಿಯಂತ್ರಣ ಬೇಡ ಎನ್ನುವವರ ಭಯವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಆ ಭಯ ತಾಕುವುದು ನಿಯಂತ್ರಣ ಮಾಡುವ ಕೈಗೆ, ನಿಯಮಕ್ಕಲ್ಲ. ಬ್ರಿಟನ್ನಿನ ಆಫ್‌ಕಾಮ್‌ನಂತೆ ಸಂಸತ್ತಿನ ಕಾಯ್ದೆಯಿಂದ ಹುಟ್ಟಿ, ಮಂತ್ರಿಯ ಮರ್ಜಿಗೆ ಸಿಗದ ಸಂಸ್ಥೆ ನಮ್ಮಲ್ಲಿ ಅಸಾಧ್ಯವೇನಲ್ಲ. ವಾಯುತರಂಗಗಳು ಸಾರ್ವಜನಿಕರ ಸ್ವತ್ತು, ಅವುಗಳ ನಿಯಂತ್ರಣ ಸ್ವಾಯತ್ತ ಸಂಸ್ಥೆಯ ಕೈಯಲ್ಲಿರಲಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು.

ಪತ್ರಕರ್ತ ಮಿತ್ರರ ಆಕ್ಷೇಪ ಇನ್ನೊಂದು: ಒಪ್ಪಿಗೆ ಕೇಳುತ್ತ ಕೂತರೆ ದೊಡ್ಡವರ ಬಂಡವಾಳ ಬಯಲಾಗುವುದು ಹೇಗೆ? ಇದಕ್ಕೆ ಉತ್ತರ ನಮ್ಮ ವಿಧಾನಸಭೆಯಲ್ಲೇ ಇದೆ. 2012ರ ಫೆಬ್ರುವರಿ 7ರಂದು ಸದನ ನಡೆಯುತ್ತಿರುವಾಗ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಟಿವಿ ಕ್ಯಾಮೆರಾಗಳು ಹಿಡಿದವು. ಮೂವರು ಸಚಿವರು ಕುರ್ಚಿ ಬಿಟ್ಟರು. ಅದು ಪತ್ರಿಕೋದ್ಯಮ. ಜನರ ದುಡ್ಡಿನ ಸದನದಲ್ಲಿ ಜನಪ್ರತಿನಿಧಿ ಏನು ಮಾಡುತ್ತಿದ್ದನೆಂಬುದೇ ಸುದ್ದಿ. ಅದನ್ನು ಹೇಳಲು ಮೊಬೈಲಿನೊಳಗಿನ ಹೆಂಗಸನ್ನು ದೊಡ್ಡದು ಮಾಡಿ ತೋರಿಸಬೇಕಿಲ್ಲ. ಸಚಿವನೊಬ್ಬ ಅಧಿಕಾರ ದುರ್ಬಳಕೆ ಮಾಡಿಕೊಂಡನೆಂಬ ಆರೋಪವಿದ್ದರೆ ಆರೋಪ ಓದಿ, ದಾಖಲೆ ತೋರಿಸಿ, ಅವನ ಮುಂದೆ ಮೈಕು ಹಿಡಿಯಿರಿ. ಹಾಸಿಗೆಯ ದೃಶ್ಯ ನೂರನೇ ಸಲ ಬಂದಾಗ ಮೊದಲ ಸಲಕ್ಕಿಂತ ಹೆಚ್ಚಿನ ಸಂಗತಿಯೇನನ್ನೂ ಹೇಳುವುದಿಲ್ಲ, ಜಾಹೀರಾತು ಮಾತ್ರ ತರುತ್ತದೆ. 2021ರ ಮಾರ್ಚಿನಲ್ಲಿ, ಆಗ ಸಚಿವರಾಗಿದ್ದ ರಮೇಶ ಜಾರಕಿಹೊಳಿ ಅವರದೆನ್ನಲಾದ ಖಾಸಗಿ ದೃಶ್ಯದ ಸಿಡಿ ಪ್ರಸಾರವಾದಾಗ ನಡೆದದ್ದನ್ನೂ ನೆನೆಯಬೇಕು. ಅದೇ ವಾರ ಇತರ ಆರು ಸಚಿವರು ಬೆಂಗಳೂರಿನ ನ್ಯಾಯಾಲಯಕ್ಕೆ ಓಡಿ, ತಮ್ಮ ಬಗ್ಗೆ ಮಾನಹಾನಿಕರ ಸುದ್ದಿ ಬಿತ್ತರಿಸದಂತೆ ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು. ವಕೀಲರಿದ್ದವರಿಗೆ ರಕ್ಷಣೆ ಮುಂಗಡವಾಗಿಯೇ ಸಿಕ್ಕಿತು. ಬಾದಾಮಿಯ ಕೂಲಿ ಹೆಂಗಸೊಬ್ಬಳಿಗೆ ಅಂಥ ಗಳಿಗೆ ಬಂದರೆ ಅವಳು ಎಲ್ಲಿಗೆ ಓಡಬೇಕು?

ಮೊಬೈಲಿನಲ್ಲಿ ಇದಕ್ಕಿಂತ ಹೊಲಸು ಹರಿದಾಡುತ್ತಿರುವಾಗ ಟಿವಿಯನ್ನೇಕೆ ಹಿಡಿಯಬೇಕು ಎಂಬ ಮಾತು ಸುಲಭಕ್ಕೆ ತಳ್ಳಿಹಾಕುವಂಥದಲ್ಲ. 2024ರಲ್ಲಿ ಹಾಸನದ ಪೆನ್‌ಡ್ರೈವ್ ಪ್ರಕರಣದಲ್ಲಿ ಹೆಂಗಸರ ಖಾಸಗಿ ದೃಶ್ಯಗಳು ಹರಡಿದ್ದು ಮೊಬೈಲಿನಿಂದ ಮೊಬೈಲಿಗೆ; ಹಂಚಿದವರ ಮೇಲೂ ಕ್ರಮ ಜರುಗಿಸುವುದಾಗಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಬೇಕಾಯಿತು. ಆದರೆ ಮೊಬೈಲಿನಲ್ಲಿ ಹಂಚುವವನಿಗೆ ತಾನು ಕದ್ದು ಮಾಡುತ್ತಿದ್ದೇನೆಂಬ ಅಳುಕಾದರೂ ಇರುತ್ತದೆ. ಪರವಾನಗಿ ಪಡೆದ ವಾಹಿನಿ ಅದನ್ನೇ ಸೂಟು ತೊಟ್ಟ ನಿರೂಪಕನಿಂದ ಹೇಳಿಸಿದಾಗ ಆ ಅಳುಕೂ ಹೋಗುತ್ತದೆ. ಹಂಚಿದ ಹುಡುಗನಿಗೆ ಜೈಲು, ಬಿತ್ತರಿಸಿದ ವಾಹಿನಿಗೆ ಟಿಆರ್‌ಪಿ ಎಂಬ ಲೆಕ್ಕ ಯಾವ ನ್ಯಾಯ?

ವಾಹಿನಿಗಳ ಸ್ವಯಂ ನಿಯಂತ್ರಣ ಎಷ್ಟರಮಟ್ಟಿಗೆ ಸಾಗಿದೆ ಎಂಬುದನ್ನು ಸುಪ್ರೀಂ ಕೋರ್ಟೇ 2023ರ ಆಗಸ್ಟಿನಲ್ಲಿ ಹೇಳಿತು. ಸುದ್ದಿವಾಹಿನಿಗಳ ಒಕ್ಕೂಟ ತನ್ನ ಸದಸ್ಯರಿಗೆ ವಿಧಿಸಬಹುದಾದ ದಂಡ ಆಗ ಹೆಚ್ಚೆಂದರೆ 1 ಲಕ್ಷ ರೂಪಾಯಿ ಇತ್ತು. ಆ ಕಾರ್ಯಕ್ರಮದಿಂದ ಬಂದ ಲಾಭಕ್ಕೆ ತಕ್ಕಂತೆ ದಂಡ ಇರಬೇಡವೇ ಎಂದು ನ್ಯಾಯಾಲಯ ಕೇಳಿತು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಸಾರ ಸೇವೆಗಳ ಮಸೂದೆಯ ಕರಡು ಹೊರಡಿಸಿತು. ಮರುವರ್ಷ ತಿದ್ದಿದ ಕರಡನ್ನು ಆಯ್ದ ಕೆಲವರಿಗೆ ಮಾತ್ರ ತೋರಿಸಿ, ಯೂಟ್ಯೂಬಿನ ಒಂಟಿ ಸುದ್ದಿಗಾರರನ್ನೂ ಬಲೆಗೆ ಎಳೆಯಹೊರಟಿದೆ ಎಂಬ ಟೀಕೆ ಬಂದಾಗ ಹಿಂದೆಗೆದುಕೊಂಡಿತು. ಹೊಸ ಕರಡು ಬರುವುದಾದರೆ ಅದರಲ್ಲಿ ಇರಬೇಕಾದದ್ದು ಬಹಳವೇನಿಲ್ಲ. ಖಾಸಗಿ ದೃಶ್ಯದಲ್ಲಿರುವವರ ಒಪ್ಪಿಗೆಯಿಲ್ಲದೆ ಆ ದೃಶ್ಯ ಬಿತ್ತರಿಸಕೂಡದು, ಅದರ ಸುದ್ದಿ ಹೇಳಲು ಅಡ್ಡಿಯಿಲ್ಲ ಎಂಬ ಒಂದು ಕಲಮು. ದೂರು ಬಂದ ದಿನವೇ ದೃಶ್ಯ ನಿಲ್ಲಿಸಬಲ್ಲ, ಸರ್ಕಾರದ ಹೊರಗಿನ ಒಂದು ಪೀಠ. ಗಳಿಕೆಗೆ ತಕ್ಕ ದಂಡ, ಅದರಲ್ಲಿ ಒಂದು ಪಾಲು ನೊಂದವರಿಗೆ. ಕೇಬಲ್ ವೀಕ್ಷಣೆಗೆ ಜಿಲ್ಲಾಮಟ್ಟದಲ್ಲಿ ಡಿಸಿ ಅಧ್ಯಕ್ಷತೆಯ ಸಮಿತಿಯೊಂದು ಕಾಗದದ ಮೇಲೆ ಈಗಾಗಲೇ ಇದೆ. ಮಹಿಳಾ ಕಾಲೇಜಿನ ಪ್ರಾಂಶುಪಾಲರಿಗೂ ಮಹಿಳೆಯರ, ಮಕ್ಕಳ ಪರವಾಗಿ ಕೆಲಸ ಮಾಡುವ ಸಂಸ್ಥೆಗಳಿಗೂ ಅದರಲ್ಲಿ ಜಾಗವಿದೆ. ಡಿಸಿಯನ್ನು ಅಧ್ಯಕ್ಷ ಸ್ಥಾನದಿಂದ ಬಿಡಿಸಿ, ದೂರು ಸ್ವೀಕರಿಸಿ ಆ ಪೀಠಕ್ಕೆ ಅಂದೇ ತಲುಪಿಸುವ ಕೆಲಸವನ್ನು ಅದಕ್ಕೆ ವಹಿಸಿದರೆ, ಹುನಗುಂದದವರು ದೂರು ಕೊಡಲು ದೆಹಲಿಗೆ ಬರೆಯಬೇಕಾಗುವುದಿಲ್ಲ, ಬಾಗಲಕೋಟೆಗೆ ಬಂದರೆ ಸಾಕು.