ಬೋರ್ಡಿಗೆ ಕನ್ನಡ ಬಂತು, ವಿಷದ ಡ್ರಮ್ಮಿಗೆ ಯಾವಾಗ?

ಗೆಳೆಯರೇ, ಇವತ್ತು ರಾತ್ರಿ ಊಟ ಮುಗಿಸಿ ತುಮಕೂರು ರಸ್ತೆಗೆ ಹೋಗಿ ಅರ್ಧ ಗಂಟೆ ನಿಲ್ಲಿ. ನೆಲಮಂಗಲದ ಕಡೆಯಿಂದ ಟ್ಯಾಂಕರುಗಳು ಬರುತ್ತವೆ. ಒಂದೊಂದರ ಹಿಂದೆಯೂ ಒಂದು ಫಲಕ. ಅದರ ಮೇಲೆ ಎರಡು ಮೂರು ಗುರುತು, ನಾಲ್ಕು ಅಂಕಿ, ಒಂದು ಇಂಗ್ಲಿಷ್ ಹೆಸರು. ಓದಿ ನೋಡಿ. ಏನಾದರೂ ತಿಳಿಯಿತೇ?

1017 ಎಂದರೆ ಕ್ಲೋರಿನ್. 1203 ಎಂದರೆ ಪೆಟ್ರೋಲ್. ಜೊತೆಗೆ 'ಎರಡು, ಎಕ್ಸ್, ಇ' ಎಂದು ಬರೆದಿದ್ದರೆ ಅದರ ಅರ್ಥ ಇಷ್ಟು: ನೀರನ್ನು ಮಂಜಿನ ಹಾಗೆ ಸಿಂಪಡಿಸಿ, ಮೈ ಪೂರ್ತಿ ಮುಚ್ಚುವ ಉಡುಪು ಮತ್ತು ಉಸಿರಾಟದ ಸಿಲಿಂಡರ್ ಇಲ್ಲದೆ ಹತ್ತಿರ ಸುಳಿಯಬೇಡಿ, ಸೋರಿದ್ದನ್ನು ಚರಂಡಿಗೆ ಇಳಿಯಲು ಬಿಡಬೇಡಿ, ಸುತ್ತಲಿನ ಜನರನ್ನು ತೆರವು ಮಾಡಿಸುವ ಯೋಚನೆ ಮಾಡಿ. ಮೂರು ಗುರುತಿನೊಳಗೆ ನಾಲ್ಕು ಎಚ್ಚರಿಕೆ! ಬಲ್ಲವರಿಗೆ ಬಹಳ ಚೆನ್ನಾಗಿದೆ. ಬಲ್ಲವರು ಎಷ್ಟು ಜನ ಸ್ವಾಮಿ?

ಟ್ಯಾಂಕರ್ ಮಗುಚಿ ಬಿದ್ದಾಗ ಮೊದಲು ಓಡಿ ಬರುವವರು ದೆಹಲಿಯ ತಜ್ಞರಲ್ಲ. ಪಕ್ಕದ ಟೀ ಅಂಗಡಿಯವನು, ಪಂಕ್ಚರ್ ಹಾಕುವ ಹುಡುಗ, ಗಸ್ತಿನ ಪೇದೆ, ಆಂಬುಲೆನ್ಸ್ ಚಾಲಕ, ತಾಲ್ಲೂಕಿನ ಅಗ್ನಿಶಾಮಕ ಠಾಣೆಯ ನಾಲ್ಕೈದು ಜನ. ಒಳಗೆ ಸಿಕ್ಕಿಕೊಂಡ ಚಾಲಕನನ್ನು ಎಳೆದು ತರುವವರು ಅವರೇ. ಎಳೆದು ತಂದ ಮೇಲೆ ತಮ್ಮ ಕೈಗೂ ಅಂಗಿಗೂ ಏನು ಅಂಟಿದೆ ಎಂದು ಅವರಿಗೆ ಯಾರು ಹೇಳಬೇಕು? ಯಾವ ಭಾಷೆಯಲ್ಲಿ ಹೇಳಬೇಕು? ನಾವು ಕೇಳುತ್ತಿರುವುದು ಇದನ್ನೇ.

ವಿಷ ಬಿದ್ದಲ್ಲೇ ಬಿದ್ದಿರುವುದಿಲ್ಲ. ಕಾಪಾಡಲು ಹೋದವನ ಮೈಯೇರಿ ಅದೂ ಹೊರಡುತ್ತದೆ. 1995ರ ಮಾರ್ಚ್ 20ರಂದು ಟೋಕಿಯೋದ ಸುರಂಗ ರೈಲಿನಲ್ಲಿ ಒಂದು ಪಂಥದವರು ಸಾರಿನ್ ಎಂಬ ನರವಿಷ ಬಿಟ್ಟರು. ಅವತ್ತು ಹೊರಟ ಆಂಬುಲೆನ್ಸ್ ಸಿಬ್ಬಂದಿ 1364 ಮಂದಿ. ಅವರಲ್ಲಿ 135 ಮಂದಿಗೆ ವಿಷದ ಲಕ್ಷಣ ಕಾಣಿಸಿತು. ಸೇಂಟ್ ಲ್ಯೂಕ್ಸ್ ಆಸ್ಪತ್ರೆಗೆ ಮೊದಲ ದಿನವೇ 640 ಜನ ಬಂದರು. ಹಾಕಿದ್ದ ಬಟ್ಟೆಯಲ್ಲೇ ಒಳಗೆ ಬಂದರು. ಅವರನ್ನು ನೋಡಿಕೊಂಡ ನೂರಕ್ಕೂ ಹೆಚ್ಚು ಸಿಬ್ಬಂದಿಗೆ ಕಣ್ಣು ಮಂಜಾಯಿತು, ತಲೆ ನೋವು ಬಂತು. ಜಪಾನಿನಂಥ ಜಪಾನಿನಲ್ಲೇ ಹೀಗಾಯಿತು.

ಇದನ್ನು ತಡೆಯುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಡಿಕಂಟ್ಯಾಮಿನೇಷನ್ ಎಂಬ ಮಾರುದ್ದದ ಹೆಸರಿದೆ. ಕೆಲಸ ಮಾತ್ರ ನಮ್ಮ ಅಜ್ಜಿಗೂ ಅರ್ಥವಾಗುವಂಥದ್ದು. ಜಾಗವನ್ನು ಮೂರು ಭಾಗ ಮಾಡುತ್ತಾರೆ. ವಿಷವಿರುವ ಜಾಗ, ತೊಳೆಯುವ ಜಾಗ, ಶುದ್ಧ ಜಾಗ. ತೊಳೆಯುವ ಸಾಲು ಗಾಳಿ ಬರುವ ಕಡೆಗೆ, ಎತ್ತರದ ಕಡೆಗೆ ಇರಬೇಕು. ಒಳಗೆ ಹೋದವರು ಯಾರೇ ಆಗಲಿ, ಎಸ್‌ಪಿ ಸಾಹೇಬರೇ ಆಗಲಿ, ತೊಳೆಯುವ ಸಾಲು ದಾಟದೆ ಶುದ್ಧ ಜಾಗಕ್ಕೆ ಕಾಲಿಡುವಂತಿಲ್ಲ. ಸಿಕ್ಕಿಕೊಂಡವರನ್ನು ತಂದ ಕೂಡಲೇ ಬಟ್ಟೆ ತೆಗೆಯಬೇಕು. ಮೈಮೇಲಿನ ವಿಷದ ಬಹುಪಾಲು ಬಟ್ಟೆಯ ಜೊತೆಗೇ ಹೋಗುತ್ತದೆ. ಅಂಗಿಯನ್ನು ತಲೆಯ ಮೇಲಿಂದ ಎಳೆಯಬಾರದು, ಎಳೆದರೆ ಕಣ್ಣು ಮೂಗಿಗೆ ಬಳಿದಂತೆ. ಕತ್ತರಿಯಿಂದ ಸೀಳಬೇಕು. ಪುಡಿಯಾಗಿದ್ದರೆ ಮೊದಲು ಒರೆಸಿ ಕೊಡವಬೇಕು, ಆಮೇಲೆ ನೀರು. ಬಿಸಿನೀರು ಬೇಡ, ಗಸಗಸ ಉಜ್ಜುವುದು ಬೇಡ, ಧಾರಾಳವಾಗಿ ನೀರು ಹರಿಸಬೇಕು. ಜನ ಬಹಳ ಇದ್ದರೆ ಎರಡು ಅಗ್ನಿಶಾಮಕ ವಾಹನಗಳನ್ನು ಅಕ್ಕಪಕ್ಕ ನಿಲ್ಲಿಸಿ ನಡುವೆ ಮಳೆ ಸುರಿಸಿದರೆ ಅದೇ ಸ್ನಾನದ ಓಣಿ. ರಕ್ಷಣಾ ತಂಡದವರದ್ದು ಇನ್ನೂ ನಾಜೂಕು. ಬೂಟು, ಕೈಗವಸು, ಉಡುಪನ್ನು ಮೈಮೇಲಿದ್ದಾಗಲೇ ತೊಳೆಯಬೇಕು. ಆಮೇಲೆ ಉಡುಪನ್ನು ಒಳಗು ಹೊರಗಾಗುವಂತೆ ಕೆಳಕ್ಕೆ ಸುರುಳಿ ಸುತ್ತುತ್ತಾ ಇಳಿಸಬೇಕು. ಮುಖದ ಮಾಸ್ಕ್ ತೆಗೆಯುವುದು ಕಟ್ಟಕಡೆಗೆ. ಹುಡುಕಲು ಕರೆತಂದ ನಾಯಿಗೂ ಇದೇ ಸ್ನಾನ. ಅದರ ಪಾದದ ಸಂದಿಯನ್ನೂ ಬಿಡುವಂತಿಲ್ಲ.

ಇಷ್ಟನ್ನು ಕನ್ನಡದಲ್ಲಿ ಹೇಳಲು ಎಲ್ಲಾದರೂ ನಾಲಿಗೆ ತಡವರಿಸಿತೇ? 'ತಾಂತ್ರಿಕ ವಿಷಯಕ್ಕೆ ಕನ್ನಡ ಸಾಲದು' ಎನ್ನುವ ಮಹಾಶಯರು ಮೇಲಿನ ಪ್ಯಾರಾ ಇನ್ನೊಮ್ಮೆ ಓದಲಿ.

ಈಗ ಇನ್ನೊಂದು ಚಿತ್ರ ಊಹಿಸಿಕೊಳ್ಳಿ. ಪೀಣ್ಯದಲ್ಲಿ ಒಂದು ಡ್ರಮ್ ಒಡೆದಿದೆ. ಪಕ್ಕದ ಗಾರ್ಮೆಂಟ್ಸಿನಿಂದ ಹೊರಬಂದ ಹೆಣ್ಣುಮಗಳ ಸೀರೆ, ರವಿಕೆಯ ಮೇಲೆ ಆಸಿಡ್ ಸಿಡಿದಿದೆ. ಎದುರಿಗೆ ಮುಖ ಕಾಣದ ಮುಸುಕುಧಾರಿ. ಮಾಸ್ಕಿನೊಳಗಿಂದ ಅವನು ಅರಿಯದ ಭಾಷೆಯಲ್ಲಿ ಕಿರುಚುತ್ತಾನೆ, ಬಟ್ಟೆ ಬಿಚ್ಚು ಎಂದು ಸನ್ನೆ ಮಾಡುತ್ತಾನೆ. ಆಕೆ ಬಿಚ್ಚುತ್ತಾಳೆಯೇ? ಸೆರಗು ಬಿಗಿಯಾಗಿ ಹಿಡಿದು ಓಡುತ್ತಾಳೆ. ಬಸ್ಸು ಹತ್ತುತ್ತಾಳೆ, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಅದೇ ಜಾಗದಲ್ಲಿ ಅಡ್ಡ ಪರದೆ ಕಟ್ಟಿ, ಒಬ್ಬ ಮಹಿಳಾ ಪೇದೆ ನಿಂತು, 'ತಂಗೀ, ಸೀರೆಗೆ ವಿಷ ಅಂಟಿದೆ, ಇಟ್ಟುಕೊಂಡರೆ ಮೈ ಸುಡುತ್ತೆ, ಇಲ್ಲಿ ಗಂಡಸರು ಯಾರೂ ಇಲ್ಲ, ಬಿಚ್ಚಿ ಈ ಚೀಲಕ್ಕೆ ಹಾಕು, ಬೇರೆ ಬಟ್ಟೆ ನಾನು ಕೊಡ್ತೀನಿ' ಎಂದರೆ ಕೇಳುತ್ತಾಳೆ. ಆ ನಾಲ್ಕು ವಾಕ್ಯಕ್ಕೆ ಲಕ್ಷಾಂತರ ರೂಪಾಯಿಯ ಯಂತ್ರ ಬೇಡ. ಕನ್ನಡ ಬೇಕು.

ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಮೇಲೆ ನಮ್ಮ ಸಿಟ್ಟಿಲ್ಲ. ಅರೆಸೇನಾ ಪಡೆಗಳಿಂದ ಬಂದ ಆ ಜವಾನರು ಪ್ರಾಣ ಒತ್ತೆಯಿಟ್ಟು ದುಡಿಯುತ್ತಾರೆ. ನಮ್ಮ ರಾಜ್ಯವನ್ನು ನೋಡಿಕೊಳ್ಳುವ 10ನೇ ಬೆಟಾಲಿಯನ್ನಿನ ಕೇಂದ್ರ ಆಂಧ್ರದ ವಿಜಯವಾಡದ ಬಳಿ. ಅವರು ಹಿಂದಿಯಲ್ಲಿ ಮಾತಾಡಿದರೆ ಅದು ಅವರ ತಪ್ಪಲ್ಲ. ಅವರು ಬಂದಾಗ ಪಕ್ಕದಲ್ಲಿ ಕನ್ನಡದಲ್ಲಿ ಆಜ್ಞೆ ಕೊಡುವ ಒಬ್ಬನನ್ನು ನಿಲ್ಲಿಸದ ಸರ್ಕಾರದ ತಪ್ಪು. ಅವರು ಬರುವ ಮುಂಚಿನ ಗಂಟೆಗಳನ್ನು ದೇವರ ಮೇಲೆ ಹಾಕಿ ಕೂತವರ ತಪ್ಪು.

ಭಾಷೆ ಯಾಕೆ, ಚಿತ್ರ ಇದೆಯಲ್ಲ ಎನ್ನುವ ಜಾಣರಿದ್ದಾರೆ. ವಿಕಿರಣಕ್ಕೆ ಮೂರು ಎಸಳಿನ ಗುರುತಿದೆ, ನಿಜ. ನೋಡಿದರೆ ಫ್ಯಾನಿನ ರೆಕ್ಕೆಯಂತಿದೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿಗೆ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹರಾಜಾದ ಯಂತ್ರ ಬಂತು, ಒಳಗೆ ಕೋಬಾಲ್ಟ್-60. ಒಡೆದವರು ಸುಟ್ಟುಕೊಂಡರು, ಒಬ್ಬ ಸತ್ತ. 1987ರಲ್ಲಿ ಬ್ರೆಜಿಲಿನ ಗೋಯಾನಿಯಾದಲ್ಲಿ ಗುಜರಿಯವನ ಕೈಗೆ ಸಿಕ್ಕ ಸೀಸಿಯಂ ಪುಡಿ ಮಿನುಗುತ್ತದೆಂದು ಜನ ಮನೆಗೆ ಒಯ್ದರು. 4 ಜನ ಸತ್ತರು, 1 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷೆ ಮಾಡಬೇಕಾಯಿತು. ಮೂರು ಎಸಳಿನ ಗುರುತು ಜನಸಾಮಾನ್ಯರಿಗೆ ತಿಳಿಯುವುದಿಲ್ಲ ಎಂದು ಒಪ್ಪಿಕೊಂಡ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯೇ 2007ರಲ್ಲಿ ತಲೆಬುರುಡೆ ಮತ್ತು ಓಡುವ ಮನುಷ್ಯನ ಹೊಸ ಗುರುತು ತಂದಿತು. ಅದಕ್ಕೆ ಮುಂಚೆ ಭಾರತವೂ ಸೇರಿ 11 ದೇಶಗಳ ಜನರಿಗೆ ತೋರಿಸಿ ಕೇಳಿತು. ಅವರಿಗಿರುವ ವಿನಯ ನಮ್ಮ ವಿಧಾನಸೌಧಕ್ಕಿಲ್ಲ. ಜಾಲಿ ಮೊಹಲ್ಲಾದ ಗುಜರಿ ಅಂಗಡಿಯ ಗೋಡೆಗೆ ಒಂದು ಕನ್ನಡ ಚೀಟಿ ಅಂಟಿಸಲು ಎಷ್ಟು ಕೋಟಿ ಬೇಕು?

ಕಾನೂನು ಏನನ್ನುತ್ತದೆ ನೋಡೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 9ನೇ ನಿಯಮದ ಪ್ರಕಾರ ಅಪಾಯಕಾರಿ ಸರಕಿನ ಚಾಲಕನಿಗೆ ಎಂಟನೇ ಪರಿಚ್ಛೇದದ ಒಂದು ಭಾಷೆಯ ಜೊತೆಗೆ ಇಂಗ್ಲಿಷೂ ಓದಲು ಬರೆಯಲು ಬರಬೇಕು! ಫಲಕದ ಮೇಲಿನ ಹೆಸರು 50 ಮಿಲಿಮೀಟರ್ ಎತ್ತರ ಇರಬೇಕೆಂದೂ ಬರೆದಿದ್ದಾರೆ. ಅಳತೆಪಟ್ಟಿ ಹಿಡಿದು ಅಕ್ಷರದ ಎತ್ತರ ಹೇಳಿದವರಿಗೆ ಅದು ಆ ರಸ್ತೆಯ ಜನ ಓದುವ ಅಕ್ಷರವಾಗಿರಲಿ ಎಂದು ಹೇಳುವ ಮನಸ್ಸಾಗಲಿಲ್ಲ. ಸಾಧ್ಯವಿಲ್ಲದ್ದೇನೂ ಅಲ್ಲ. 1971ರ ಕೀಟನಾಶಕ ನಿಯಮಗಳನ್ನು ತೆಗೆದು ನೋಡಿ. ಪೊಟ್ಟಣದ ಜೊತೆಗಿನ ಕರಪತ್ರ ಇಂಗ್ಲಿಷ್, ಹಿಂದಿಯ ಜೊತೆಗೆ ಮಾರುವ ಪ್ರದೇಶದ ಒಂದೆರಡು ಭಾಷೆಯಲ್ಲೂ ಇರಬೇಕು ಎಂದಿದೆ. ರೈತನ ಅಂಗೈಯಗಲದ ಬಾಟಲಿಗೆ ಸಾಧ್ಯವಾದದ್ದು ಸಾವಿರಾರು ಲೀಟರಿನ ಟ್ಯಾಂಕರಿಗೆ ಏಕೆ ಅಸಾಧ್ಯ?

ಇಂಗ್ಲಿಷಿನ ಈ ದರ್ಬಾರು ಬರೀ ಕನ್ನಡಿಗರನ್ನು ಕೊಂದಿಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲಿನ ಕಾರ್ಖಾನೆಯ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು, ಕಾರ್ಮಿಕರಲ್ಲಿ ಬಹಳ ಜನಕ್ಕೆ ಬರುತ್ತಿದ್ದುದು ಹಿಂದಿ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿಯ ಒಂದು ಮೀನು ಘಟಕದ ತ್ಯಾಜ್ಯದ ತೊಟ್ಟಿಗೆ ಒಬ್ಬ ಬಿದ್ದ. ಎತ್ತಲು ಜೊತೆಯವರು ಒಬ್ಬರ ಹಿಂದೆ ಒಬ್ಬರು ಇಳಿದರು. ಐವರು ಸತ್ತರು. ಐವರೂ ಬಂಗಾಳದ ಹುಡುಗರು. ನಮ್ಮಲ್ಲಿ ಕೆಲವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ, ಆದರೂ ಬರೆಯುತ್ತೇವೆ: ಅಂಥ ತೊಟ್ಟಿಯ ಪಕ್ಕ ಕನ್ನಡದ ಜೊತೆ ಬಂಗಾಳಿಯೂ ಇರಬೇಕು. ತನ್ನ ಭಾಷೆಯಲ್ಲಿ ಬದುಕುವ ಹಕ್ಕು ಕೇಳುವವನು ಇನ್ನೊಬ್ಬನನ್ನು ಅವನಿಗೆ ಅರಿಯದ ಭಾಷೆಯಲ್ಲಿ ಸಾಯಲು ಬಿಡಬಾರದು.

ಇನ್ನು ನಮ್ಮವರ ಸಂಗತಿ. ಕೆಲಸವನ್ನು ಕನ್ನಡದ ಪಂಡಿತರ ಸಮಿತಿಗೆ ಕೊಟ್ಟರೆ ಏನಾಗುತ್ತದೆ ಗೊತ್ತಲ್ಲ! 'ನಿರ್ಮಾಲಿನ್ಯೀಕರಣ ಪ್ರಕ್ರಿಯಾ ವಿಧಿ' ಎಂದು ಬರೆದು ಶಾಲು ಹೊದಿಸಿಕೊಂಡು ಹೋಗುತ್ತಾರೆ. ಅಗ್ನಿಶಾಮಕ ಠಾಣೆಯ ಹುಡುಗ ಅದನ್ನು ಓದಿ ಮುಗಿಸುವಷ್ಟರಲ್ಲಿ ಮೈ ಸುಟ್ಟಿರುತ್ತದೆ. ಹಾವು ಕಚ್ಚಿದವರಿಗೆ 'ವಿಷ ಇಳಿಸುವುದು' ಎಂಬ ಮಾತು ಹಳ್ಳಿಹಳ್ಳಿಯಲ್ಲಿದೆ. ಮಂತ್ರವಾದಿಯ ನೆನಪಾಗುತ್ತದೆ ಎನ್ನುವವರು 'ವಿಷ ತೊಳೆಯುವುದು' ಎನ್ನಲಿ, ಸಾಕು. ಮಡಿ, ಮೈಲಿಗೆ ಎಂಬ ಪದಗಳನ್ನು ಮಾತ್ರ ಯಾರೂ ಹತ್ತಿರ ತರಬೇಡಿ. ಕೇಳಲು ಸುಲಭ, ಒಳಗೆ ಬೇರೆ ವಿಷವಿದೆ. ಮೈಲಿಗೆಯಾದವನನ್ನು ದೂರ ಇಡುತ್ತಾರೆ. ವಿಷ ಅಂಟಿದವನನ್ನು ಮೊದಲು ತೊಳೆಯಬೇಕು.

2024ರಲ್ಲಿ ನಾಮಫಲಕದಲ್ಲಿ ಶೇಕಡಾ 60 ಕನ್ನಡ ಎಂದು ಕಾನೂನಾಯಿತು. ಬೀದಿಗಿಳಿದು ಲಾಠಿ, ಜೈಲು ಕಂಡವರಿಂದ ಆಯಿತು. ಹೆಮ್ಮೆ ಇರಲಿ. ಆದರೆ ಮಾಲಿನ ಕನ್ನಡ ಬೋರ್ಡಿನ ಕೆಳಗೆ ಫೋಟೋ ತೆಗೆಸಿಕೊಂಡು ಬಂದವರು, ಅದೇ ಮಾಲಿನ ನೆಲಮಾಳಿಗೆಯ ಡ್ರಮ್ಮಿನ ಮೇಲೆ ಏನು ಬರೆದಿದೆ ಎಂದು ಕೇಳಿದ್ದೇವೆಯೇ? ನವೆಂಬರ್ 1ಕ್ಕೆ ಆರ್ಕೆಸ್ಟ್ರಾ ಕರೆಸುವ ದುಡ್ಡಿನಲ್ಲಿ ಒಂದು ಭಾಗ ತೆಗೆದು ಒಂದು ಕಾರ್ಡು ಅಚ್ಚು ಹಾಕಿಸೋಣ. ಕರಡು ಇಲ್ಲಿದೆ:

'ಗಾಳಿಗೆ ಅಡ್ಡವಾಗಿ ದೂರ ಸರಿಯಿರಿ, ಆಮೇಲೆ ಗಾಳಿ ಬರುವ ಕಡೆಗೆ, ಎತ್ತರಕ್ಕೆ ಹೋಗಿ. ಬಿದ್ದವರನ್ನು ಎತ್ತಲು ಉಡುಪಿಲ್ಲದೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ, ಫಲಕದ ನಾಲ್ಕು ಅಂಕಿ ಓದಿ ಹೇಳಿ. ಮೈಗೆ ಅಂಟಿದ್ದರೆ ಬಟ್ಟೆ ಬಿಚ್ಚಿ, ತಲೆಯ ಮೇಲಿಂದ ಎಳೆಯಬೇಡಿ. ಪುಡಿ ಇದ್ದರೆ ಮೊದಲು ಕೊಡವಿ. ನೀರು ಹರಿಸಿ, ಉಜ್ಜಬೇಡಿ. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಬಿಡಿ. ಬಿಚ್ಚಿದ ಬಟ್ಟೆ ಚೀಲಕ್ಕೆ, ಆ ಚೀಲ ಇನ್ನೊಂದು ಚೀಲಕ್ಕೆ. ತೊಳೆಯದೆ ಆಂಬುಲೆನ್ಸ್ ಹತ್ತಬೇಡಿ, ಮನೆಗೆ ಹೋಗಬೇಡಿ.'

ಇದನ್ನು ಜೆರಾಕ್ಸ್ ಮಾಡಿಸಿ ನಿಮ್ಮ ಬಡಾವಣೆಯ ಅಗ್ನಿಶಾಮಕ ಠಾಣೆಗೆ ಒಯ್ಯಿರಿ. ಅಲ್ಲಿನ ಹಿರಿಯ ಸಿಬ್ಬಂದಿ ತಪ್ಪು ತೋರಿಸಿದರೆ ಅಲ್ಲೇ ತಿದ್ದಿಸಿಕೊಳ್ಳಿ, ಅವರ ಮುದ್ರೆ ಹಾಕಿಸಿಕೊಳ್ಳಿ. ಆಮೇಲೆ ಕಾರ್ಖಾನೆಯ ಗೇಟಿಗೆ, ಪೆಟ್ರೋಲ್ ಬಂಕಿಗೆ, ನೀರು ಶುದ್ಧೀಕರಣದ ಕ್ಲೋರಿನ್ ಕೋಣೆಗೆ ಹೋಗಿ, ಇದನ್ನು ಗೋಡೆಗೆ ಅಂಟಿಸಿ ಎಂದು ಕೇಳಿ. ಒಲ್ಲೆ ಎಂದವರ ವಿಳಾಸ ಬರೆದುಕೊಂಡು ನಮ್ಮ ಕಚೇರಿಗೆ ತನ್ನಿ.